ಲೈಬ್ರರಿಯಲ್ಲಿ ಹುಳದ ಜ್ವರ

ಯೂನಿವರ್ಸಿಟಿ ಲೈಬ್ರರಿಯಲ್ಲಿ ಇವತ್ತು ಏನಾಯ್ತು ಕೇಳ್ರಪ್ಪ. ಪುಸ್ತಕ ವಾಪಸ್ ಕೊಡೋಕೆ ಹೋದೆ. "ಯಾಕಮ್ಮ ಲೇಟು?" ಅಂದ್ರು ಲೈಬ್ರೇರಿಯನ್ ಸಾಹೇಬ್ರು.

"ಮನೇಲಿ ಹುಳ ಜ್ವರ ಎದ್ದಿದ್ವು ಸಾರ್, ಸೊಪ್ಪು ಹಾಕಿ ಹಾಕಿ ಪುರುಸೊತ್ತೇ ಆಗ್ಲಿಲ್ಲ."

ರೇಷ್ಮೆಹುಳ ಮೇವು ಬಿಟ್ಟು ಪೊರೆ ಕಳಚೋದಕ್ಕೆ ನಮ್ಮ ಮೇಲೂರಲ್ಲಿ ಜ್ವರ ಅಂತಾರೆ. ಎದ್ದ ಮೇಲೆ ಅವಕ್ಕೆ ಎಲ್ಲಿಲ್ಲದ ಹಸಿವು.

"ಜ್ವರ ಅಂದ್ರೆ ಮೆಡಿಕಲ್ ಸರ್ಟಿಫಿಕೇಟ್ ಬೇಕು. ರೂಲ್ಸು."

"ಸಾರ್, ಜ್ವರ ನಂಗಲ್ಲ, ಹುಳಕ್ಕೆ."

"ಯಾರಿಗಾದ್ರೂ ಆಗ್ಲಮ್ಮ! ತರೋವರೆಗೂ ಬೇರೆ ಪುಸ್ತಕ ಕೊಡಲ್ಲ."

ಹಾಗಂದಾಗ ಅವರ ಕೈಯಲ್ಲಿದ್ದದ್ದು ನಾನು ವಾಪಸ್ ಕೊಟ್ಟ ರೇಷ್ಮೆ ಕೃಷಿ ಪುಸ್ತಕ. ಅದರಲ್ಲಿ ಜ್ವರದ್ದೇ ಒಂದು ಅಧ್ಯಾಯ ಇದೆ.

ಆಯ್ತು, ಸರ್ಟಿಫಿಕೇಟೇ ಬರೆಸೋಣ ಅಂದ್ರೆ, ರೋಗಿಗಳೆಲ್ಲ ಆಗ್ಲೇ ಗೂಡು ಕಟ್ಟಿ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗಿಬಿಟ್ಟಿದ್ದಾರೆ.