ಹಿಂದಿನ ಗೋಡೆಯಿಂದ ಹೊಸ್ತಿಲ ತನಕ

ಶಹಾಬಾದಿನ ರತ್ನಾಬಾಯಿ ನೆಲಕ್ಕೆ ಫರಸಿ ಕಲ್ಲು ಕೂಡಿಸುವ ಹೆಂಗಸು. ಗಂಡ ಕಾಶೀನಾಥ ಗೌಂಡಿ, ಗಾರೆ ಕೆಲಸದವ. ಇಪ್ಪತ್ತಾರು ವರ್ಷ ಇಬ್ಬರೂ ಜೋಡಿಯಾಗಿ ದುಡಿದರು. ಮೊದಮೊದಲು ಅವಳು ಸಿಮೆಂಟು ಉಸುಕಿನ ಮಾಲು ಕಲಸಿ ಬುಟ್ಟಿ ಹೊತ್ತಳು. ಆಮೇಲೆ ಕಲ್ಲಿನ ಅಂಚು ಕೆತ್ತಲು ಕುಳಿತಳು. ಕೊನೆಗೆ ಕೊಡತಿಯನ್ನೂ ಹಿಡಿದಳು. ಕಲ್ಲು ಕೂಡಿಸಿದ ಮೇಲೆ ಕಟ್ಟಿಗೆಯ ಕೊಡತಿಯಿಂದ ಮೆಲ್ಲಗೆ ಬಡಿದು ಸಪ್ಪಳ ಕೇಳಬೇಕು. ಅಡಿಗೆ ಮಾಲು ಪೂರಾ ತುಂಬಿದ್ದರೆ ಗಟ್ಟಿ ಸಪ್ಪಳ. ಪೊಳ್ಳಿದ್ದರೆ ಖಾಲಿ ಡಬ್ಬಿ ಬಡಿದಂತೆ. ಪೊಳ್ಳು ಕಲ್ಲು ವರ್ಷದೊಳಗೆ ಒಡೆಯುತ್ತದೆ. ಕಲ್ಲು ಕೊಯ್ಯುವ ಮಷೀನಿನ ಗದ್ದಲಕ್ಕೆ ಕಾಶೀನಾಥನ ಕಿವಿ ಮಂದವಾದ ಮೇಲೆ ಕೇಳುವ ಕೆಲಸ ಅವಳದಾಯಿತು. ಅವನು ಬಡಿಯುತ್ತಿದ್ದ. ಅವಳು "ಹೂಂ" ಎನ್ನುತ್ತಿದ್ದಳು, ಇಲ್ಲವೇ "ಎತ್ರಿ" ಎನ್ನುತ್ತಿದ್ದಳು. ಮನೆಯಲ್ಲಿ ಮಾತು ಕಡಿಮೆ. ಮಾತೆಲ್ಲ ಕೆಲಸದ ಮೇಲೆಯೇ ಆಗುತ್ತಿತ್ತು.

ಹೋದ ಶಿವರಾತ್ರಿಯ ಮುಂದೆ ಅವನು ತೀರಿಕೊಂಡ. ಎದೆಯಲ್ಲಿ ಕಲ್ಲಿನ ಧೂಳು ಕುಳಿತಿದೆ ಎಂದು ಡಾಕ್ಟರು ಹೇಳಿದ್ದರು. ವಯಸ್ಸು ಐವತ್ಮೂರು.

ಅವನು ಹೋದ ಮೇಲೆ ಅವಳಿಗೆ ಕೆಲಸವೇ ಸಿಗಲಿಲ್ಲ ಎನ್ನುವಂತಿಲ್ಲ. ಸಿಕ್ಕಿತು, ಅರ್ಧ ಕೆಲಸ. ನೆಲ ಹಾಕುವುದನ್ನು ಹಿಂದಿನ ಗೋಡೆಯಿಂದ ಶುರು ಮಾಡಿ ಬಾಗಿಲಿಗೆ ಮುಗಿಸುತ್ತಾರೆ. ಕೊನೆಯ ಕಲ್ಲು ಹೊಸ್ತಿಲದ್ದು. ಅದನ್ನು ಕೂಡಿಸುವ ಮುಂದೆ ಮುತ್ತೈದೆಯೊಬ್ಬಳು ಅರಿಷಿಣ ಕುಂಕುಮ ಹಚ್ಚಿ ಕೈ ಇಡಬೇಕು. ಅವಳು ಕೈ ಇಟ್ಟ ಮೇಲೆ ಗೌಂಡಿ ಬಡಿಯುತ್ತಾನೆ. ಗಂಡ ಸತ್ತವಳ ಕೈ ಆ ಕಲ್ಲಿಗೆ ತಾಕಬಾರದು. ಕಾಶೀನಾಥ ಇದ್ದಾಗ, ಮನೆಯವರ ಕಡೆ ಯಾರೂ ಸಿಗದಿದ್ದರೆ ರತ್ನಾಬಾಯಿಯನ್ನೇ ಕರೆಯುತ್ತಿದ್ದರು. ಶಹಾಬಾದ, ವಾಡಿ, ಚಿತ್ತಾಪುರದಲ್ಲಿ ಅವಳ ಕೈ ಬಿದ್ದ ಹೊಸ್ತಿಲು ಎಷ್ಟೋ ಇವೆ. ಈಗ ಬಾಗಿಲಿಗೆ ಎರಡು ಸಾಲು ಇರುವಾಗಲೇ ಅವಳು ಏಳಬೇಕು.

ಮೊದಲ ಸಲ ಅದು ಅವಳಿಗೆ ಹೊಳೆಯಲಿಲ್ಲ. ಸೇಡಂನಲ್ಲಿ ಒಂದು ಮನೆ. ರೂಢಿಯಂತೆ ಕಲ್ಲು ಎತ್ತಿಕೊಂಡು ಬಾಗಿಲಿನ ಕಡೆ ನಡೆದಳು. ಮನೆಯ ಯಜಮಾನತಿ ಉಮಾದೇವಿ ಒಳಗಿನಿಂದ ಓಡಿ ಬಂದರು. ಬೈಯಲಿಲ್ಲ. ಚಹಾ ಕುಡಿ ಬಾ ಎಂದು ಕೈ ಹಿಡಿದು ಹಿತ್ತಲಿಗೆ ಕರೆದೊಯ್ದರು. ಅವಳು ಚಹಾ ಕುಡಿದು ಬರುವಷ್ಟರಲ್ಲಿ ಅವಳ ಜಾಗದಲ್ಲಿ ಬೇರೆ ಗೌಂಡಿ ಕುಳಿತಿದ್ದ. ಮಠದ ಮಡಿವಾಳಯ್ಯನವರನ್ನು ಕೇಳಿದಳು. ಶರಣರ ಧರ್ಮದಲ್ಲಿ ಇಂಥ ಕಟ್ಟಳೆ ಇಲ್ಲ ತಂಗಿ ಎಂದರು. ಹೇಳಿದ್ದು ಖರೆ. ಆದರೆ ಮನೆ ಕಟ್ಟಿಸುವವರು ಅಯ್ಯನವರಲ್ಲ.

ಒಂದು ನೆಲ ಪೂರಾ ಹಾಕಬೇಕು. ಹಿಂದಿನ ಗೋಡೆಯಿಂದ ಹೊಸ್ತಿಲ ತನಕ. ಅವಳ ಆಸೆ ಅಷ್ಟೇ ಇತ್ತು.

ವಾಡಿಯ ಚರ್ಚಿನ ನೆಲವನ್ನು ಐದು ವರ್ಷದ ಕೆಳಗೆ ಗಂಡ ಹೆಂಡತಿ ಸೇರಿ ಹಾಕಿದ್ದರು. ಅಲ್ಲಿಯ ಪಾಸ್ಟರ್ ಸಮುವೇಲರಿಗೆ ಕಾಶೀನಾಥನ ಮೇಲೆ ಭಾಳ ಭರವಸೆ. ಕ್ರೈಸ್ತರ ಒಂದು ಸೇವಾ ತಂಡದೊಂದಿಗೆ ಅವರು ಆಫ್ರಿಕಾದ ಕೆನ್ಯಾಕ್ಕೆ ಹೊರಟಿದ್ದರು. ಅಲ್ಲಿ ಒಂದು ಸಣ್ಣ ಆಸ್ಪತ್ರೆ, ಅದಕ್ಕೆ ಹೆರಿಗೆ ಕೋಣೆ ಕಟ್ಟುತ್ತಿದ್ದರು. ನೆಲ ಹಾಕಲು ಬರುತ್ತೇನೆಂದು ಕಾಶೀನಾಥ ಒಪ್ಪಿದ್ದ. ಅವನ ಪಾಸ್‌ಪೋರ್ಟ್ ಮನೆಗೆ ಬಂದಾಗ ಅವನು ಇರಲಿಲ್ಲ. ಪಾಸ್ಟರು ಮಾತಾಡಿಸಿಕೊಂಡು ಹೋಗಲು ಬಂದಿದ್ದರು. ಒಂದು ತಿಂಗಳ ಮೇಲೆ ರತ್ನಾಬಾಯಿ ತಾನೇ ವಾಡಿಗೆ ಹೋಗಿ ಅವರ ಮುಂದೆ ನಿಂತಳು.

"ಅವರ ಬದ್ಲಿ ನಾ ಬರ್ತೀನ್ರಿ."

ಪಾಸ್ಟರು ಒಳ್ಳೆಯದೇ ಆಯಿತು ಎಂದರು. ಅಡುಗೆಗೆ ಒಬ್ಬರು ಬೇಕಾಗಿತ್ತು.

"ಅಡಿಗಿಗಲ್ರಿ. ನೆಲ ಹಾಕಾಕ."

ಅವರು ಚರ್ಚಿನ ನೆಲ ನೋಡಿದರು. "ಇದ್ರಾಗ ನೀನೂ ಹಾಕೀದಿ ಏನವ್ವ?"

"ಅರ್ಧ ನಂದ್ರಿ. ಯಾವ ಅರ್ಧ, ನೀವ ಹೇಳ್ರಿ ನೋಡಮ."

ಪಾಸ್ಟರು ಆ ತುದಿಯಿಂದ ಈ ತುದಿಗೆ ನಡೆದರು. ಹೇಳಲಾಗಲಿಲ್ಲ. ಅವಳ ಪಾಸ್‌ಪೋರ್ಟಿಗೆ ತಾವೇ ಅರ್ಜಿ ಬರೆದರು.

ಚಿಂಚೋಳಿಗೆ ಕೊಟ್ಟ ಮಗಳು ಭಾಗ್ಯಶ್ರೀ ಫೋನಿನಲ್ಲಿ ಜಗಳ ತೆಗೆದಳು. ಅಪ್ಪನ ವರ್ಷ ತುಂಬಿಲ್ಲ, ಸಮುದ್ರ ದಾಟಿ ಹೋಗುವಂಥದ್ದು ಏನಿದೆ, ಚರ್ಚಿನವರು ಕೊರಳಿನ ಲಿಂಗ ತೆಗೆಸುತ್ತಾರೆ ಎಂದು ಮಂದಿ ಅನ್ನುತ್ತಾರೆ ಎಂದಳು. ಮಂದಿ ಹೊಸ್ತಿಲಿನಿಂದ ನನ್ನ ಕೈ ತೆಗೆಸಿದಾರಲ್ಲ, ಅದಕ್ಕೇನನ್ನುತ್ತಿ ಎಂದು ರತ್ನಾಬಾಯಿ ಕೇಳಿದಳು. ಮಗಳು ಫೋನ್ ಇಟ್ಟಳು.

ವಾಡಿಯಿಂದ ರೈಲು ಗಾಡಿಯಲ್ಲಿ ಮುಂಬೈ, ಅಲ್ಲಿಂದ ವಿಮಾನ. ಚೀಲದಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಕೊಡತಿ, ಮಟ್ಟ ನೋಡುವ ರಸಮಟ್ಟ. ತಪಾಸಣೆಯಲ್ಲಿ ಒಬ್ಬ ಪೊಲೀಸ್ ಹೆಂಗಸು ಕೊರಳಿನ ಲಿಂಗದ ಕರಡಿಗೆ ಮುಟ್ಟಿ ನೋಡಿದಳು. ತಂಡದಲ್ಲಿದ್ದ ವಾಡಿಯ ನರ್ಸ್ ಎಸ್ತೇರಬಾಯಿ ಮುಂದೆ ಬಂದು ಏನೋ ಹೇಳಿದಳು. ಬಿಟ್ಟರು. ತಂಡದಲ್ಲಿ ಹನ್ನೊಂದು ಜನ. ಪಾಸ್ಟರು ಮತ್ತು ಎಸ್ತೇರಬಾಯಿ ಬಿಟ್ಟರೆ ಉಳಿದವರು ಕೇರಳದವರು, ಮಿಜೋರಾಮಿನವರು. ಅವರ ಮಾತು ಅವಳಿಗೆ ಬರುವುದಿಲ್ಲ. ಅವಳದು ಅವರಿಗೆ ಬರುವುದಿಲ್ಲ. ವಿಮಾನದಲ್ಲಿ ಕಿಟಕಿಯ ಜಾಗ ಅವಳಿಗೇ ಬಿಟ್ಟುಕೊಟ್ಟರು. ಕೆಳಗೆ ನೀರು ಕಂಡಿತು. ಎಷ್ಟೋ ಹೊತ್ತಿನ ಮೇಲೆ ನೋಡಿದರೂ ನೀರೇ. ನೋಡಿದ್ದನ್ನು ಹೇಳಲು ಪಕ್ಕಕ್ಕೆ ತಿರುಗಿದಳು. ಪಕ್ಕದವನು ಕಿವಿಗೆ ವಯರು ಸಿಕ್ಕಿಸಿಕೊಂಡು ಮಲಗಿದ್ದ.

ಸಮುದ್ರದ ದಂಡೆಯ ಊರಿನಿಂದ ಒಳಗೆ ಎರಡು ತಾಸಿನ ದಾರಿ. ಕೆಂಪು ಮಣ್ಣು. ಅಲ್ಲಿಯೂ ಕಲ್ಲು ಪದರ ಪದರವಾಗಿ ಏಳುತ್ತದೆ. ಬಣ್ಣ ಹಳದಿ, ಮೈ ಒರಟು. ರತ್ನಾಬಾಯಿ ಒಂದು ಕಲ್ಲನ್ನು ಎತ್ತಿ ಬಡಿದು ಕೇಳಿದಳು. ಪರವಾಗಿಲ್ಲ ಅನ್ನಿಸಿತು.

ಬೆಳಿಗ್ಗೆ ತಂಡದವರು ಮರದ ಕೆಳಗೆ ಕುಳಿತು ಹಾಡಿ ಪ್ರಾರ್ಥನೆ ಮಾಡುತ್ತಿದ್ದರು. ಅವಳು ಕಲ್ಲಿನ ರಾಶಿಯ ಹಿಂದೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕುಳಿತಿರುತ್ತಿದ್ದಳು. ಅವರು ಕರೆಯಲಿಲ್ಲ, ಇವಳು ಹೋಗಲಿಲ್ಲ. ಎಸ್ತೇರಬಾಯಿ ಹಗಲೆಲ್ಲ ರೋಗಿಗಳ ನಡುವೆ. ಪಾಸ್ಟರು ಹಳ್ಳಿ ಹಳ್ಳಿ ತಿರುಗುತ್ತಿದ್ದರು. ಕನ್ನಡದ ಮಾತು ಕಿವಿಗೆ ಬೀಳುವುದು ಬೆಳಿಗ್ಗೆ ಒಮ್ಮೆ, ಸಂಜೆ ಊಟಕ್ಕೆ ಒಮ್ಮೆ. ಅದೂ ಉಪ್ಪು ಬೇಕೇನು, ನೀರು ಬೇಕೇನು ಎನ್ನುವಷ್ಟು.

ಕೆಲಸಕ್ಕೆ ಜೊತೆಯಾಗಿ ಕಾರಿಸಾ ಎಂಬ ಆ ಊರಿನ ಮುದುಕ ಗೌಂಡಿಯನ್ನು ಕೊಟ್ಟಿದ್ದರು. ಮೊದಲ ದಿನ ಅವನು ಅವಳ ಕೈಯಿಂದ ಕೊಡತಿ ತೆಗೆದುಕೊಂಡು ಬುಟ್ಟಿ ತೋರಿಸಿದ. ಅವಳು ಕೊಡತಿ ಮರಳಿ ಕಸಿದುಕೊಂಡು ಬುಟ್ಟಿಯನ್ನು ಅವನ ಕಡೆ ತಳ್ಳಿದಳು. ಅವನು ನಕ್ಕ. ಆಮೇಲೆ ತಕರಾರು ಇರಲಿಲ್ಲ. ಮೂರನೆಯ ದಿನ ಅವಳು ಅಂಚು ಕೆತ್ತುತ್ತಿದ್ದಾಗ ಅವನು ಕಲ್ಲು ಕೂಡಿಸಿ ಬಡಿದ. ತಲೆ ಎತ್ತದೆ ಅವಳು "ಹೂಂ" ಎಂದಳು.

ಅಂದದ್ದು ತನಗೇ ಕೇಳಿಸಿತು. ಕೈಯಲ್ಲಿಯ ಉಳಿ ಅಲ್ಲೇ ನಿಂತಿತು. ಎದ್ದು ಉಸುಕಿನ ರಾಶಿಯ ಆಚೆ ಹೋಗಿ ಕುಳಿತಳು. ಕಾರಿಸಾ ನೀರು ತಂದು ಹತ್ತಿರ ಇಟ್ಟು ಹೋದ. ಏನಾಯಿತು ಎಂದು ಕೇಳಲು ಅವನಿಗೆ ಮಾತಿರಲಿಲ್ಲ. ಕೇಳಿದ್ದರೂ ಹೇಳಲು ಅವಳಿಗೂ ಇರಲಿಲ್ಲ.

ಒಂದು ಹಗುರ ಮಾತ್ರ ಇತ್ತು. ಅಲ್ಲಿ ಯಾರೂ ಅವಳ ಹಣೆಯಲ್ಲಿ ಕುಂಕುಮ ಹುಡುಕುತ್ತಿರಲಿಲ್ಲ. ಆಸ್ಪತ್ರೆಗೆ ಬರುವ ಬಸುರಿಯರು ಅವಳ ಪಕ್ಕದಲ್ಲೇ ಕೂರುತ್ತಿದ್ದರು. ಅವಳ ವಿಭೂತಿ ಮುಟ್ಟಿ ನೋಡಿ ತಮ್ಮತಮ್ಮಲ್ಲೇ ನಗುತ್ತಿದ್ದರು. ಕೂಸುಗಳನ್ನು ತೊಡೆಯ ಮೇಲೆ ಹಾಕಿ ಹೋಗುತ್ತಿದ್ದರು. ಶಹಾಬಾದಿನಲ್ಲಿ ಎದುರಿಗೆ ಬಂದವರು ಒಂದು ಗಳಿಗೆ ನಿಂತು ಅವಳು ದಾಟಿದ ಮೇಲೆ ಹೊರಡುತ್ತಾರೆ. ಇಲ್ಲಿ ಯಾರೂ ನಿಲ್ಲಲಿಲ್ಲ.

ಎಂಟನೆಯ ದಿನ ಮಧ್ಯಾಹ್ನಕ್ಕೆ ನೆಲ ಬಾಗಿಲಿಗೆ ಬಂತು. ಹೊಸ್ತಿಲ ಕಲ್ಲೊಂದು ಉಳಿಯಿತು. ಮರುದಿನ ಬೆಳಿಗ್ಗೆ ತಂಡ ಹೊರಡಬೇಕು. ಎಲ್ಲರೂ ಬಂದು ಬಾಗಿಲಿನ ಹೊರಗೆ ನಿಂತರು, ತಂಡದವರು, ಆಸ್ಪತ್ರೆಯ ನರ್ಸು, ಊರಿನ ಹೆಂಗಸರು. ಮಾಲು ಹಾಕಿ ಆಗಿತ್ತು. ಕಲ್ಲು ಪಕ್ಕದಲ್ಲಿತ್ತು. ರತ್ನಾಬಾಯಿ ಎತ್ತಲಿಲ್ಲ. ಇದಕ್ಕಾಗಿಯೇ ಸಮುದ್ರ ದಾಟಿ ಬಂದಿದ್ದಳು. ಈಗ ಕೈ ಮುಂದೆ ಹೋಗಲಿಲ್ಲ. ಹೆರಿಗೆ ಕೋಣೆ ಅದು. ಒಂದು ಜೀವ ಒಳಗೆ ಹೋಗಿ ಎರಡಾಗಿ ಹೊರಗೆ ಬರುವ ಬಾಗಿಲು.

ಅವಳು ಎಸ್ತೇರಬಾಯಿಯನ್ನು ಹತ್ತಿರ ಕರೆದಳು.

"ಸಿಸ್ಟರ್, ನೀವೊಂದೀಟು ಕೈ ಇಡ್ರಿ ಇದರ ಮ್ಯಾಲ. ನೀವು ಮುತ್ತೈದಿ ಅದೀರಿ."

"ನಾವು ಅದೆಲ್ಲ ಮಾಡಂಗಿಲ್ಲ ರತ್ನಕ್ಕ. ನೀನ ಕೂಡ್ಸು." ಎಸ್ತೇರಬಾಯಿ ಬಗ್ಗಿ ದನಿ ತಗ್ಗಿಸಿದಳು. "ಇಲ್ಲಿ ಯಾರಿಗಿ ಗೊತ್ತದ? ಇಲ್ಲಿ ನೀ ಯಾರಿಗೂ ಗಂಡ ಸತ್ತಾಕಿ ಅಲ್ಲ."

ಅಕ್ಕರೆಯಿಂದ ಹೇಳಿದ ಮಾತು. ಆದರೆ ರತ್ನಾಬಾಯಿ ಕಲ್ಲಿನಿಂದ ಹಿಂದೆ ಸರಿದು ಕುಳಿತಳು. ಇಲ್ಲಿ ತಾನು ಗಂಡ ಸತ್ತವಳಲ್ಲ ಎಂದರೆ ಕಾಶೀನಾಥ ಇಲ್ಲಿ ಸತ್ತೇ ಇಲ್ಲ, ಬದುಕಿಯೂ ಇರಲಿಲ್ಲ. ಸೇಡಂನ ಉಮಾದೇವಿ ಕೈ ಹಿಡಿದು ಎಬ್ಬಿಸಿದ್ದು ಕಾಶೀನಾಥನ ಹೆಂಡತಿಯನ್ನು. ಅವನು ಇದ್ದ ಎಂದು ಅವರಿಗೆ ಗೊತ್ತಿತ್ತು. ಇಲ್ಲಿ ಬೇಡ ಎನ್ನಲು ಸಹ ಒಬ್ಬರಿಲ್ಲ. ಎಂಟು ದಿನ ಹಗುರ ಅನ್ನಿಸಿದ್ದು ಇದೇ ಏನು ಎಂದು ಅವಳಿಗೆ ಹೆದರಿಕೆಯಾಯಿತು.

"ಅವರಿಗಿ ಹೇಳ್ರಿ," ಎಂದಳು. "ನನ್ನ ಗಂಡ ಸತ್ತಾನ ಅಂತ ಹೇಳ್ರಿ. ನಮ್ಮ ಕಡಿ ಗಂಡ ಸತ್ತಾಕಿ ಹೊಸ್ತಲ ಕೂಡ್ಸಂಗಿಲ್ಲ ಅಂತ ಹೇಳ್ರಿ. ಕೇಳಿದ ಮ್ಯಾಲ ಬ್ಯಾಡ ಅಂದ್ರ ಬ್ಯಾಡ. ನಾ ಏಳ್ತೀನಿ. ಕಳ್ಳತನದಲಿಂದ ಕೈ ಇಡಂಗಿಲ್ಲ."

ಮಾಲು ಗಟ್ಟಿಯಾಗುತ್ತಿದೆ ಎಂದು ಪಾಸ್ಟರು ನೆನಪು ಮಾಡಿದರು. ಆಗಲಿ, ಮತ್ತೆ ಕಲಸುತ್ತೇನೆ ಎಂದಳು.

ಎಸ್ತೇರಬಾಯಿ ನರ್ಸಿಗೆ ಇಂಗ್ಲಿಷಿನಲ್ಲಿ ಹೇಳಿದಳು. ನರ್ಸು ಹೆಂಗಸರಿಗೆ ಅವರ ಮಾತಿನಲ್ಲಿ ಹೇಳಿದಳು. ಒಬ್ಬರಿಂದ ಒಬ್ಬರಿಗೆ ಹೋಗುವಾಗ ಮಾತು ಸಣ್ಣದಾಗುತ್ತ ಹೋಯಿತು. ನಡುವೆ ಎಷ್ಟೋ ಬಿದ್ದುಹೋಗಿದೆ ಎಂದು ರತ್ನಾಬಾಯಿಗೆ ಗೊತ್ತಾಯಿತು. ಮೊದಲು ಕೇಳಿದವನು ಕಾರಿಸಾ. ಅವಳ ಗಂಡ ಏನು ಕೆಲಸ ಮಾಡುತ್ತಿದ್ದ ಎಂದು.

"ಇದ ಕೆಲಸ. ಅವ್ರು ಬಡೀತಿದ್ರು, ನಾ ಕೇಳ್ತಿದ್ದೆ. ಇಬ್ಬರು ಕೂಡಿ ಒಬ್ಬ ಗೌಂಡಿ ಆಗಿದ್ದೆವು. ಈಗ ಅರ್ಧ ಉಳದದ."

ಇದೂ ಎರಡು ಬಾಯಿ ದಾಟಿ ಹೋಯಿತು. ಕಾರಿಸಾ ತಲೆಯ ಮೇಲಿನ ಟೋಪಿ ತೆಗೆದ. ಆಮೇಲೆ ಹೆಂಗಸರೊಳಗೆ ಮಾತು ಶುರುವಾಯಿತು. ಭಾಳ ಹೊತ್ತು ನಡೆಯಿತು. ಒಬ್ಬ ಮುದುಕಿ ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತು ನರ್ಸಿಗೆ ಹೇಳಿದಳು. ನರ್ಸು ಅದನ್ನು ಎಸ್ತೇರಬಾಯಿಗೆ ಇಂಗ್ಲಿಷಿನಲ್ಲಿ ಹೇಳಿದಳು.

"ಏನಂತಾರ್ರಿ?" ರತ್ನಾಬಾಯಿ ಕೇಳಿದಳು.

"ಇಲ್ಲಿ ನಿಂತವರೊಳಗ ಒಬ್ಬಾಕಿ ಗಂಡ ಎರಡು ತಿಂಗಳ ಹಿಂದ ಸತ್ತಾನಂತ. ಆಕಿ ಈಗ ಬಸರಿ. ಹಡೀಲಿಕ್ಕ ಇಲ್ಲೇ ಬರಬೇಕಲ್ಲ. ನಿಮ್ಮ ಕಟ್ಟಳಿ ಪ್ರಕಾರ ಆಕಿ ಯಾವ ಬಾಗಲಿಂದ ಒಳಗ ಹೋಗಬೇಕು ಅಂತ ಕೇಳಾಕತ್ತಾರ."

ರತ್ನಾಬಾಯಿ ಹೆಂಗಸರ ಮುಖ ನೋಡಿದಳು. ಐದಾರು ಬಸುರಿಯರಿದ್ದರು. ಯಾರು ಎಂದು ಅವರು ತೋರಿಸಲಿಲ್ಲ. ಮುಖ ನೋಡಿ ತಿಳಿಯುವಂತೆಯೂ ಇರಲಿಲ್ಲ. ಕೋಣೆಗೆ ಬಾಗಿಲು ಒಂದೇ.

ಅವಳು ಗಟ್ಟಿಯಾದ ಮಾಲನ್ನು ಕೆರೆದು ತೆಗೆದಳು. ಹೊಸದಾಗಿ ಕಲಸಿದಳು. ಕಾರಿಸಾ ಒಂದು ಕಡೆ ಹಿಡಿದ, ಅವಳು ಒಂದು ಕಡೆ. ಕಲ್ಲು ಕೂತಿತು. ತಾನೇ ಬಡಿದಳು, ತಾನೇ ಕೇಳಿದಳು. ನಡುವೆ ಗಟ್ಟಿ. ಎಡಗಡೆ ಮೂಲೆಯಲ್ಲಿ ಪೊಳ್ಳು. ಪಾಸ್ಟರಿಗೆ ಯಾವ ಫರಕೂ ಕೇಳಿಸಲಿಲ್ಲ. ಇಷ್ಟೇ ಇದ್ದರೆ ನಡೆಯುತ್ತದೆ ಬಿಡವ್ವ ಎಂದರು. ಅವಳು ಕಲ್ಲು ಎತ್ತಿಸಿದಳು. ಮೂಲೆಗೆ ಮಾಲು ತುಂಬಿ ಮತ್ತೆ ಇಳಿಸಿದಳು. ಮತ್ತೆ ಬಡಿದಳು. ಮೂಲೆಯೂ ಗಟ್ಟಿ. "ಹೂಂ" ಎಂದರೆ ಕೇಳಲು ಕಾಶೀನಾಥ ಇರಲಿಲ್ಲ.

ತಂಡದವರು ಚಪ್ಪಾಳೆ ತಟ್ಟಿದರು. ಹೆಂಗಸರು ಹಾಡಿದರು. ರತ್ನಾಬಾಯಿ ನಲ್ಲಿಯ ಕೆಳಗೆ ಕುಳಿತು ಮಾಲು ಹಚ್ಚುವ ಥಾಪಿ ತೊಳೆದಳು. ಮೂರು ದಿನ ಹೊಸ್ತಿಲ ಮೇಲೆ ಕಾಲಿಡಬಾರದು, ಹಲಗೆ ಅಡ್ಡ ಇಡಬೇಕು, ದಿನಕ್ಕೆ ಎರಡು ಸಲ ನೀರು ಹೊಡೆಯಬೇಕು ಎಂದು ಹೇಳಿಸಿದಳು. ಕಾರಿಸಾ ಮೂರು ಬೆರಳು ಎತ್ತಿ ತೋರಿಸಿದ. ತಿಳಿಯಿತು ಎಂದು.

ಅಲ್ಲಿಂದ ಹೊರಟ ಮೂರನೆಯ ದಿನ ಮಧ್ಯಾಹ್ನ ಅವಳು ವಾಡಿ ಸ್ಟೇಷನ್ನಿನಲ್ಲಿದ್ದಳು. ಮುಂಬೈಯಿಂದ ಬಂದ ಗಾಡಿ ಶಹಾಬಾದಿನಲ್ಲಿ ನಿಲ್ಲದೆ ಬಂದಿತ್ತು. ಮರಳಿ ಹೋಗಲು ಪ್ಯಾಸೆಂಜರಿಗೆ ಕಾಯಬೇಕು. ಮನೆಗೆ ಬಂದು ಊಟ ಮಾಡಿ ಹೋಗು ಎಂದು ಎಸ್ತೇರಬಾಯಿ ಕರೆದಿದ್ದಳು. ಒಲ್ಲೆ ಎಂದಳು. ಸಿಮೆಂಟ್ ಕಾರ್ಖಾನೆಯ ಧೂಳು ಕಟ್ಟೆಯ ಮೇಲೆಲ್ಲ ಕೂತಿತ್ತು. ಸೆರಗಿನಿಂದ ಜಾಡಿಸಿ ಕುಳಿತಳು. ಅಲ್ಲಿ ಈ ಹೊತ್ತಿಗೆ ಹಲಗೆ ತೆಗೆದಿರಬಹುದು. ಯಾರೋ ದಾಟಿರಬಹುದು. ಗಂಡ ಸತ್ತ ಆ ಬಸುರಿಯೇ ದಾಟಿದಳೋ, ಬೇರೆಯವಳೋ. ಹೆಣ್ಣೋ ಗಂಡೋ, ತಾಯಿ ಮಗು ಸುಖವಾಗಿದ್ದಾರೋ ಇಲ್ಲವೋ. ಯಾರೂ ಬರೆದು ತಿಳಿಸುವುದಿಲ್ಲ. ಬರೆದರೂ ಓದಲು ಬರುವುದಿಲ್ಲ.

ಚಿತ್ತಾಪುರದ ಒಬ್ಬ ಹೆಂಗಸು ಪಕ್ಕದಲ್ಲಿ ಬಂದು ಕೂತಳು. ಚೀಲಕ್ಕೆ ಅಂಟಿಸಿದ ವಿಮಾನದ ಚೀಟಿ ನೋಡಿದಳು. ಆಮೇಲೆ ಕುಂಕುಮವಿಲ್ಲದ ಹಣೆ ನೋಡಿ ಒಂದಿಷ್ಟು ಸರಿದು ಕೂತಳು. ರತ್ನಾಬಾಯಿಗೆ ಬೇಜಾರಾಗಲಿಲ್ಲ. ಗಂಡನೊಬ್ಬ ಇದ್ದ ಎಂದು ಈ ಹೆಂಗಸಿಗೆ ಗೊತ್ತಾಯಿತಲ್ಲ.

"ಎಲ್ಲಿಗಿ ಹೋಗಿದ್ರಿ?"

"ಕೆಲಸಕ್ಕ."

"ಒಬ್ರ?"

"ಒಬ್ಬಾಕಿನ. ಮದಲ ಇಬ್ಬರು ಹೋಗ್ತಿದ್ದೆವು."

ಗಾಡಿ ಬಂತು. ಅವಳು ಚೀಲ ಎತ್ತಿಕೊಂಡು ಹತ್ತಿದಳು.