ತಂಗಿಯ ಮನೆಯ ಕಾಫಿ

ನಮ್ಮ ಪಕ್ಕದ ಮನೆಯ ಗುನ್ವೋರ್ ನಮ್ಮೂರು ಟಿನ್ಸೆಟ್‌ನ ವೃದ್ಧಾಶ್ರಮದಲ್ಲಿ ಅಡುಗೆ ಮಾಡುತ್ತಾಳೆ. ಅವಳ ತಂಗಿ ತೋರುನ್ ಓಸ್ಲೋದಲ್ಲಿದ್ದಾಳೆ. ಫೋನ್ ಇಡುವಾಗಲೆಲ್ಲ, "ಅಕ್ಕಾ, ಈ ಕಡೆ ಬಂದ್ರೆ ಕಾಫಿಗೆ ಬರ್ಲೇಬೇಕು" ಅನ್ನುತ್ತಾಳೆ. ನಮ್ಮ ದೇಶದಲ್ಲಿ ದಿನ ಗೊತ್ತು ಮಾಡದೆ ಕರೆದ ಕಾಫಿ ಬರೀ ಬಾಯಿಮಾತು. ಮಗುವಿಗೂ ಅದು ಗೊತ್ತು. ಗುನ್ವೋರ್ ಮಾತ್ರ ನಂಬಿದಳು.

ಈ ಸಲ ಶರತ್ಕಾಲದ ರಜೆಗೆ ಮೂರು ದಿನ ಓಸ್ಲೋಗೆ ಹೋಗಬೇಕೆಂದು ರೈಲು, ಹೋಟೆಲು ಎಲ್ಲ ಗೊತ್ತು ಮಾಡಿದಳು. ತಂಗಿಗೆ ಹೊರೆಯಾಗಬಾರದಂತೆ! ಕಾಫಿಗೆಂದೇ ಒಂದು ಮಧ್ಯಾಹ್ನ ಬಿಡುವಿಟ್ಟು, ನನ್ನೆದುರಿಗೇ ಸ್ಪೀಕರ್ ಹಾಕಿ ಫೋನ್ ಮಾಡಿದಳು.

"ಅಯ್ಯೋ ಅಕ್ಕಾ, ರಜೇಲಿ ಓಸ್ಲೋದಲ್ಲಿ ಯಾರಿರ್ತಾರೆ? ನಾವು ನಮ್ಮ ಬೆಟ್ಟದ ಮನೆಗೆ ಹೋಗ್ತೀವಿ."

"ಬೆಟ್ಟದ ಮನೆನಾ? ಎಲ್ಲಿ?"

"ನಿಮ್ಮೂರು ದಾಟಿ ಅರ್ಧ ಗಂಟೆ ಅಷ್ಟೇ. ತಗೊಂಡು ನಾಲ್ಕು ವರ್ಷ ಆಯ್ತಲ್ಲ."

ಆ ದಾರಿ ಗುನ್ವೋರ್‌ಳ ಕಿಟಕಿಯ ಮುಂದೆಯೇ ಹಾದುಹೋಗುತ್ತದೆ. ನಾನು ಬಾಯಿ ತೆರೆದೆ. ಅವಳು ಕಣ್ಣಲ್ಲೇ ತಡೆದು, "ಹಾಯಾಗಿ ಹೋಗ್ಬನ್ನಿ" ಎಂದು ಫೋನಿಟ್ಟಳು.

ಹೋಟೆಲು ರದ್ದಾಯಿತು. ರಜೆ ಶುರುವಾದ ದಿನ ಅವಳು ಏಲಕ್ಕಿ ಬನ್ನು ಮಾಡಿಕೊಂಡು ಕಿಟಕಿಯ ಹತ್ತಿರ ಕೂತಳು. "ಒಂದ್ವೇಳೆ ನಿಲ್ಲಿಸಿದ್ರೆ?" ಎಂದಳು. ತೋರುನ್‌ಳ ಕಾರು ವೇಗವನ್ನೂ ತಗ್ಗಿಸದೆ ಹೋಯಿತು. ಬನ್ನನ್ನು ನಾನೇ ತಿಂದೆ, ಬೈಕೊಂಡು ತಿಂದೆ.

ರಜೆ ಮುಗಿದ ಮೇಲೆ ತಂಗಿಯ ಫೋನ್ ಬಂತು. "ಓಸ್ಲೋ ಹೇಗಿತ್ತಕ್ಕಾ?"

"ಓಸ್ಲೋ ನೋಡ್ಲಿಲ್ಲ ಕಣೇ," ಎಂದಳು ಗುನ್ವೋರ್. "ಮನೇಲೇ ಕೂತು ನಿನ್ನ ಕಾರು ನೋಡ್ದೆ."