ನೆಲ ಮುಟ್ಟದ ಗಡಿಗೆ

ನನ್ನ ಸೋದರತ್ತೆಯ ಎಡಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಸುಟ್ಟ ಬದನೆಕಾಯಿ ಸಿಪ್ಪೆಯಂಥ ಕಪ್ಪು ಚರ್ಮ. ಚಿಕ್ಕವಳಿದ್ದಾಗ ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಅವಳ ತವರೂರನ್ನು, ಅಂದರೆ ನನ್ನ ಅಪ್ಪ ಹುಟ್ಟಿದ ಊರನ್ನು, ಖಾಲಿ ಮಾಡಿಸಿದರಲ್ಲ, ಆಗ ಬೀಸುವ ಕಲ್ಲನ್ನು ಟ್ರ್ಯಾಕ್ಟರಿಗೆ ಏರಿಸುವಾಗ ಜಾರಿತಂತೆ. ಉಳಿದವರೆಲ್ಲ ಕೈಬಿಟ್ಟು ಹಿಂದೆ ಸರಿದರು. ಇವಳು ಬಿಡಲಿಲ್ಲ. ಕಲ್ಲು ಉಳಿಯಿತು, ಉಗುರು ಹೋಯಿತು.

"ಬಿಟ್ಟಿದ್ರ ಕಲ್ಲು ಒಡೀತಿತ್ತು. ಹಿಡಿದದ್ದು ಬಿಡಬಾರದವ್ವಾ," ಎನ್ನುತ್ತಿದ್ದಳು.

ಅದು ಬರೀ ಮಾತಲ್ಲ, ಅವಳ ಸ್ವಭಾವವೇ ಹಾಗೆ. ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಹಿಡಿದ ಸೀಟನ್ನು ಪೊಲೀಸರು ಬಂದರೂ ಬಿಡುತ್ತಿರಲಿಲ್ಲ. ಒಂದು ಕುಬುಸದ ಖಣದ ಸಲುವಾಗಿ ನನ್ನ ಅವ್ವನ ಮೇಲೆ ಹಿಡಿದ ಸಿಟ್ಟನ್ನು ಅವ್ವ ಸತ್ತು ವರ್ಷಗಳಾದರೂ ಬಿಟ್ಟಿರಲಿಲ್ಲ. ಪದ್ಧತಿಯ ವಿಷಯದಲ್ಲಂತೂ ಕೇಳಲೇಬೇಡಿ. ಯಾವ ಹಬ್ಬಕ್ಕೆ ಯಾವ ಎಡೆ, ಯಾವ ಸಾವಿಗೆ ಎಷ್ಟು ದಿನ ಸೂತಕ, ಎಲ್ಲದಕ್ಕೂ ನಮ್ಮ ಬಳಗದಲ್ಲಿ ಅವಳದೇ ಕೊನೆಯ ಮಾತು. ನನಗೆ ಅವಳೆಂದರೆ ಹೆದರಿಕೆ, ಅದಕ್ಕಿಂತ ಹೆಚ್ಚು ಸಿಟ್ಟು.

ಇಂಡಿಯ ನಮ್ಮ ಮನೆಯಲ್ಲಿ ಅಪ್ಪ ತೀರಿಕೊಳ್ಳುವ ಹಿಂದಿನ ವಾರ ನನ್ನ ಕೈ ಹಿಡಿದು ಹೇಳಿದ್ದ: "ನನ್ನ ಬೂದಿ ನಮ್ಮೂರ ನೀರಾಗ ಬಿಡು. ನೀನ ಬಿಡಬೇಕು, ಮಂದಿ ಕೈಯಾಗ ಕೊಡಬ್ಯಾಡ." ನಾನು ಅವನ ಒಬ್ಬಳೇ ಮಗಳು. ಹೂಂ ಅಂದೆ. ಹೂಂ ಅನ್ನುವುದಕ್ಕೆ ಏನು ಖರ್ಚು!

ನಮ್ಮ ಮನೆತನದಲ್ಲಿ ಸುಟ್ಟ ಮೂರನೆಯ ದಿನ ಬೂದಿ ಆರಿಸಿ, ಹೊಸ ಗಡಿಗೆಯಲ್ಲಿ ತುಂಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಬೇವಿನ ಗಿಡಕ್ಕೆ ತೂಗುಹಾಕುತ್ತಾರೆ. ಗಿಡದಿಂದ ಇಳಿಸಿದ ಮೇಲೆ ನೀರು ಸೇರುವ ತನಕ ಅದು ನೆಲ ಮುಟ್ಟಬಾರದು. ಮುಟ್ಟಿದರೆ ಜೀವ ಅಲ್ಲೇ ಕೂತುಬಿಡುತ್ತದೆ ಅನ್ನುತ್ತಾರೆ. ಗಡಿಗೆ ಹಿಡಿದವರು ಸ್ನಾನ ಮಾಡುವ ತನಕ ಸಣ್ಣ ಕೂಸನ್ನು ಮುಟ್ಟಬಾರದು. ಹತ್ತನೆಯ ದಿನದೊಳಗೆ ಎಲ್ಲ ಮುಗಿಯಬೇಕು.

ನನ್ನ ಮಗನಿಗೆ ಎರಡು ತುಂಬಲು ಇನ್ನೂ ಎರಡು ತಿಂಗಳಿತ್ತು. ಮೊಲೆ ಬಿಟ್ಟಿರಲಿಲ್ಲ, ಯಾರ ಕೈಗೂ ಹೋಗುತ್ತಿರಲಿಲ್ಲ. ನಿಂಬೆಹಣ್ಣಿನ ಲಾರಿ ತೆಗೆದುಕೊಂಡು ಉತ್ತರದ ಕಡೆ ಹೋಗಿದ್ದ ಗಂಡ ವಾರದ ಮೇಲೆಯೇ ಬರುವುದು. ಅಪ್ಪನ ಚಿತೆಗೆ ಬೆಂಕಿ ಕೊಟ್ಟ ದೊಡ್ಡಪ್ಪನ ಮಗ, ನನ್ನ ಅಣ್ಣ, ಸಲೀಸಾಗಿ ಹೇಳಿಬಿಟ್ಟ: "ಭೀಮಾ ಹೊಳಿ ಇಲ್ಲೇ ಐತಿ. ಮುಂಜಾನೆ ಬೈಕ್ ಮ್ಯಾಲ ಹೋಗಿ ಬಿಟ್ಟು ಊಟಕ್ಕ ಮನಿಗೆ ಬರ್ತೇನಿ. ನೀ ಕೂಸು ಕಟ್ಟಿಕೊಂಡು ಎಲ್ಲಿ ಅಡ್ಡಾಡ್ತಿ?"

ಬೂದಿ ಆರಿಸಿದ ಮೇಲೆ ಸಿಂದಗಿಯ ತನ್ನ ಮನೆಗೆ ಮರಳಿದ್ದ ಅತ್ತೆಗೆ ಫೋನ್ ಮಾಡಿ ದೂರು ಹೇಳಿದೆ. ಅವಳೂ ಅವನ ಕಡೆಗೇ ನಿಂತಳು. "ಅಂವ ಹೇಳೂದು ಖರೆ ಐತಿ. ಗಡಿಗಿನೂ ಕೂಸೂ ಒಬ್ಬಾಕಿ ಹಿಡಿಯಾಕ ಬರೂದಿಲ್ಲ."

ನಾನೂ ಕಮ್ಮಿ ಬಾಯಿಯವಳಲ್ಲ. "ಹಿಡಿದದ್ದು ಬಿಡಬಾರದು ಅಂತ ಊರಿಗೆಲ್ಲ ಹೇಳಾಕಿ ನೀನ ಏನ ಅತ್ತಿ? ನಿನ್ನ ತಮ್ಮನ ಕಡೀ ಮಾತು ಬಿಡು ಅಂತಿ?" ಎಂದು ಕೂಗಿದೆ. ಆ ಕಡೆಯಿಂದ ಫೋನ್ ಕಟ್ಟಾಯಿತು. ಅಳು ಬಂದದ್ದು ಅಪ್ಪನ ಸಲುವಾಗಿಯೋ ಸಿಟ್ಟಿಗೋ ನನಗೇ ತಿಳಿಯಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಅತ್ತೆ ಮೊದಲ ಬಸ್ಸಿಗೆ ಬಂದು ಬಾಗಿಲಲ್ಲಿ ನಿಂತಿದ್ದಳು. ಬಗಲಲ್ಲಿ ಕೈಚೀಲ. ಕ್ಷಮೆ, ಸಮಾಧಾನ ಒಂದೂ ಇಲ್ಲ. "ಗಾಡಿ ಹೇಳಿಯೇನ?" ಎಂದಳು. ನಾನು ಪಿಳಿಪಿಳಿ ನೋಡಿದೆ. "ನಾಳೆ ನಸುಕಿನಾಗ ಹೊರಡೂದು. ಗಡಿಗಿ ನಾ ಹಿಡೀತೇನಿ, ಕೂಸು ನೀ ಹಿಡಿ. ನೀರಿನ ದಂಡಿಗೆ ಹೋದ ಮ್ಯಾಲ ನಾ ನಿನ್ನ ಕೈಯಾಗ ಕೊಡ್ತೇನಿ. ಬಿಡಾಕಿ ನೀನ."

ಅಣ್ಣ ಗೊಣಗಿದ. ಅವಳು ತಿರುಗಿಯೂ ನೋಡಲಿಲ್ಲ. "ನಾಳೆ ಆಗಲಿಲ್ಲಂದ್ರ ನಾಡಿದ್ದು ನೀ ಭೀಮಾಕ್ಕ ಒಯ್ಯಿ. ಅಲ್ಲೀತನಕ ಬಾಯಿ ಮುಚ್ಚು," ಅಂದಳು. ನಮಗಿದ್ದದ್ದು ಆ ಒಂದೇ ದಿನ.

ಇಡೀ ದಿನ ಮನೆಯಲ್ಲಿ ದಂಡು ಹೊರಟ ಹಾಗೆ ತಯಾರಿ. ಮಗನಿಗೆ ಎರಡು ಜೊತೆ ಬಟ್ಟೆ ಇಟ್ಟರೆ, "ಐದು ಇಡು, ಇವನ ಬುಡ ತೂತು," ಅಂದಳು. ಮೊಸರನ್ನ, ಬಾಳೆಹಣ್ಣು, ಗಾಡಿಯಲ್ಲಿ ಜೋಲಿ ಕಟ್ಟಲು ಹಳೆಯ ಸೀರೆ. ಎಲ್ಲೆಲ್ಲಿ ನಿಲ್ಲುವುದು, ಎಲ್ಲಿ ಹಾಲು ಕುಡಿಸುವುದು, ಎಲ್ಲ ಬೆರಳು ಮಡಚಿ ಹೇಳಿದಳು. ಆಮೇಲೆ ಒಂದು ಗಡಿಗೆಗೆ ಜೋಳ ತುಂಬಿಸಿ, ಹೊರಸಿನ ಮೇಲೆ ಕೂತು, ಅದನ್ನು ತೊಡೆಯ ಮೇಲಿಟ್ಟುಕೊಂಡು ತಾಸುಗಟ್ಟಲೆ ಅಲುಗದೆ ಕೂತಳು. ರೂಢಿ ಮಾಡಿಕೊಳ್ಳಬೇಕಂತೆ! ಮಗ ಹೋಗಿ ಹೋಗಿ ಅವಳ ತೊಡೆ ಏರಲು ನೋಡಿದ. "ದೂರ ನಿಂದ್ರೋ ಕಳ್ಳಾ," ಎಂದು ಮೊಣಕೈಯಿಂದ ತಳ್ಳಿದಳು. ಕೊನೆಗೆ ಜೋಮು ಹಿಡಿದ ಕಾಲು ಒದರುತ್ತ ಎದ್ದು, "ಅಕ್ಕೈತಿ," ಅಂದಳು.

ಸಂಜೆ ಚಹಾ ಕೊಟ್ಟರೆ ಮುಟ್ಟಲಿಲ್ಲ. ನೀರೂ ಬೇಡ. "ಕುಡದ್ರ ದಾರ್ಯಾಗ ಇಳೀಬೇಕಾಕ್ಕೈತಿ. ಗಡಿಗಿ ಯಾರ ಕೈಯಾಗ ಕೊಡ್ಲಿ? ನೀ ಹಿಡಿದ್ರ ಕೂಸಿಗೆ ಮೊಲಿ ಯಾರು ಕೊಡ್ತಾರ?" ಎಪ್ಪತ್ತು ದಾಟಿದ ಹೆಂಗಸು. ನನ್ನ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು.

ಕ್ರೂಸರ್ ಗಾಡಿಯ ಮುಂದಿನ ಸೀಟಿನಲ್ಲಿ ಗಡಿಗೆ ಅವುಚಿಕೊಂಡು ಅವಳು, ಹಿಂದೆ ನಾನು ಮತ್ತು ಮಗ. ಸಿಂದಗಿಯಲ್ಲಿ ಅವಳದೇ ಓಣಿಯ ಮುಂದೆ ಹಾದೆವು, ಕತ್ತು ತಿರುಗಿಸಲಿಲ್ಲ. ಪ್ರತಿ ತಗ್ಗಿಗೂ ಗಡಿಗೆಯನ್ನು ಎತ್ತಿ ಹಿಡಿಯುತ್ತಿದ್ದಳು. ದೇವರ ಹಿಪ್ಪರಗಿ ದಾಟುವಷ್ಟರಲ್ಲಿ ಮಗ ಎರಡು ಸಲ ವಾಂತಿ ಮಾಡಿದ್ದ. ಬಸವನ ಬಾಗೇವಾಡಿ ಹತ್ತಿರ ಬಂದಾಗ ಮೈ ಹೆಂಚಿನ ಹಾಗೆ ಕಾದಿತ್ತು. ಸೂತಕದ ಗಡಿಗೆಯ ಹಿಂದೆ ಹಾಲುಗಲ್ಲದ ಕೂಸನ್ನು ಕರೆದುಕೊಂಡು ಹೊರಟೆನಲ್ಲ, ನನ್ನ ಹಟಕ್ಕೆ ಬೆಂಕಿ ಬೀಳಲಿ ಅನ್ನಿಸಿತು.

"ತಿರುಗೋಣ ಅತ್ತಿ. ಕೂಸಿಗೆ ಏನಾರ ಆದ್ರ?"

ಅವಳ ತುಟಿ ಒಣಗಿ ಬಿಳಿಚಿದ್ದವು. ಡ್ರೈವರನಿಗೆ, "ಔಷಧದ ಅಂಗಡಿ ಮುಂದ ನಿಂದರಸಪಾ," ಅಂದಳು. ನನಗೆ, "ಔಷಧ ಹಾಕು. ಅರ್ಧ ತಾಸು ನೋಡೋಣು. ಜ್ವರ ಇಳೀಲಿಲ್ಲಂದ್ರ ನಾನ ಗಾಡಿ ತಿರುಗಸಂತೇನಿ." ಬಿಸಿಲಲ್ಲಿ ನಿಂತ ಗಾಡಿಯೊಳಗೆ ಆ ಅರ್ಧ ತಾಸು ಸೆರಗಿನಿಂದ ಮಗನಿಗೆ ಗಾಳಿ ಹಾಕುತ್ತ ಕೂತೆ. ಮಗನ ಹಣೆಯಲ್ಲಿ ಬೆವರು ಮೂಡಿತು. ಕಣ್ಣು ತೆರೆದು ಬಿಸ್ಕೀಟು ಕೇಳಿದ. "ನಡಿ," ಅಂದಳು ಅತ್ತೆ.

ಅಪ್ಪನ ಊರಿನ ಹಳೆಯ ಡಾಂಬರು ರಸ್ತೆ ಈಗಲೂ ಇದೆ. ತೊಗರಿ ಹೊಲಗಳ ಪಕ್ಕದಿಂದ ಇಳಿದು ಸೀದಾ ನೀರಿನೊಳಗೆ ಹೋಗುತ್ತದೆ. ಮಳೆಗಾಲ ಆಗಷ್ಟೇ ಮುಗಿದು ಹಿನ್ನೀರು ತುಂಬಿ ನಿಂತಿತ್ತು. ಅತ್ತೆ ಚಪ್ಪಲಿ ಬಿಟ್ಟು, ಗಡಿಗೆ ಎದೆಗೊತ್ತಿಕೊಂಡು ನೀರಿನ ದಂಡೆಗೆ ಹೋಗಿ ನನ್ನ ದಾರಿ ಕಾಯುತ್ತ ನಿಂತಳು. ಗಾಡಿಯಿಂದ ಹೂವು, ಊದಿನಕಡ್ಡಿ ತೆಗೆಯಲು ಮಗನನ್ನು ಕೆಳಗಿಳಿಸಿದೆ. ಒಂದೇ ನಿಮಿಷ.

ನಸುಕಿನಿಂದ ತೊಡೆಯ ಮೇಲೆ ಕಟ್ಟಿಹಾಕಿದಂತಿದ್ದ ಕೂಸು. ಎದುರಿಗೆ ಚೊಕ್ಕ ರಸ್ತೆ, ಅದೂ ಇಳಿಜಾರು. ಓಡಿದ. ರಸ್ತೆ ಮುಗಿಯಲೇ ಇಲ್ಲವಲ್ಲ, ಅವನೇಕೆ ನಿಲ್ಲಬೇಕು! ಅತ್ತೆಯ ಪಕ್ಕದಿಂದಲೇ ಹಾದು ನೀರಿಗಿಳಿದ. ಪಾಚಿಗೆ ಕಾಲು ಜಾರಿ ತಲೆ ಮುಳುಗಿದ್ದು ನನಗೆ ಗಾಡಿಯ ಹತ್ತಿರದಿಂದಲೇ ಕಂಡಿತು. ಚೀರಿದೆ. ಕಾಲು ಕಿತ್ತು ಓಡಿದೆ.

ಅತ್ತೆ ಎರಡೂ ಕೈ ಬಿಟ್ಟಳು. ಗಡಿಗೆ ಡಾಂಬರಿನ ಮೇಲೆ ಬಿದ್ದು ಒಡೆಯಿತು. ನಾನು ತಲುಪುವಷ್ಟರಲ್ಲಿ ಅವಳು ಮೊಣಕಾಲುದ್ದ ನೀರಿನಲ್ಲಿ ಬಾಗಿ ಮಗನ ಅಂಗಿ ಹಿಡಿದೆಳೆದು ಎತ್ತಿ ಎದೆಗವುಚಿಕೊಂಡಿದ್ದಳು. ಅವನು ಕೆಮ್ಮಿದ, ಆಮೇಲೆ ಊರು ಕೇಳುವಂತೆ ಅತ್ತ.

ನನ್ನ ಬಾಯಿಂದ ಮೊದಲು ಬಂದ ಮಾತು ಹೇಳಲು ಇವತ್ತಿಗೂ ನಾಚಿಕೆ. "ಅತ್ತಿ, ಗಡಿಗಿ!" ಅಂದೆ.

"ಸುಡುಗಾಡು ಗಡಿಗಿ! ಕೂಸು ನೋಡ ಮದಲ," ಎಂದು ಅವನನ್ನು ನನ್ನ ಮೈಮೇಲೆ ಹಾಕಿದಳು.

ಬೂದಿ ರಸ್ತೆಯ ಮೇಲೆ ಚೆಲ್ಲಿತ್ತು. ಅವಳು ಅದರ ಪಕ್ಕದಲ್ಲೇ ಕುಸಿದು ಕೂತಳು. ಉಗುರಿಲ್ಲದ ಆ ಬೆರಳಿನಿಂದ ಬೂದಿ ಮುಟ್ಟಿದಳು. ಆಮೇಲೆ ಅಂದಳು: "ನೆಲ ಮುಟ್ಟಿದ್ರ ಜೀವ ಅಲ್ಲೇ ಕೂಡ್ತೈತಿ ಅಂತಾರಲಾ. ಇದು ನಮ್ಮೂರ ದಾರಿ. ಸಾಲಿಗೆ ನಾ ಅವನ ಕೈ ಹಿಡಕೊಂಡು ಹೋಗತಿದ್ದ ದಾರಿ. ಇಲ್ಲೇ ಕೂಡ್ಲಿ ಬಿಡು." ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಗನನ್ನು ಸೊಂಟಕ್ಕೆ ಸೀರೆಯಿಂದ ಬಿಗಿದುಕೊಂಡೆ. ಅತ್ತೆ ರಸ್ತೆಯಿಂದ ಬಳಿದು ಬಳಿದು ನನ್ನ ಬೊಗಸೆಗೆ ಹಾಕಿದಳು, ನಾನು ಬೊಗಸೆ ಬೊಗಸೆಯಾಗಿ ಅಪ್ಪನನ್ನು ಅವನ ಊರಿನ ನೀರಿಗೆ ಬಿಟ್ಟೆ. ಯಾವ ಪದ್ಧತಿಯೂ ಉಳಿದಿರಲಿಲ್ಲ. ಮುಗಿದ ಮೇಲೆ ಅತ್ತೆ ಬಾಟಲಿ ಎತ್ತಿ ಗಟಗಟ ನೀರು ಕುಡಿದು ಡ್ರೈವರನ ಮುಖ ನೋಡಿದಳು. "ನಾ ಏನೂ ನೋಡಿಲ್ರಿ ಆಯಿ," ಅಂದ ಪುಣ್ಯಾತ್ಮ.

ಮರುದಿನ ಹತ್ತನೆಯ ದಿನದ ಎಡೆಯ ಮುಂದೆ, ಬಳಗವೆಲ್ಲ ಕೂತಿರುವಾಗ ಅಣ್ಣ ಕೇಳಿಯೇಬಿಟ್ಟ: "ಗಡಿಗಿ ನೆಲ ಮುಟ್ಟಿಲ್ಲಲಾ ಅತ್ತಿ?" ನಾನು ಮಗನಿಗೆ ತುತ್ತಿಡುವ ನೆವದಲ್ಲಿ ತಲೆ ತಗ್ಗಿಸಿದೆ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿ, "ಹಿಡಿದದ್ದು ಬಿಡಾಕೀನೇನೋ ನಾ?" ಅಂದಳು. ಯಾರೂ ಮತ್ತೆ ಕೇಳಲಿಲ್ಲ. ಆದರೆ ಅವತ್ತು ಅವಳು ಹೋಳಿಗೆ ಮುಟ್ಟಲಿಲ್ಲ. ನನಗಾಗಿ ಮೊದಲ ಸಲ ಸುಳ್ಳಾಡಿದ್ದಳು, ಅದು ಅವಳಿಗೆ ಗಂಟಲಲ್ಲಿ ಇಳಿಯಲಿಲ್ಲ.

ಹೋದ ವರ್ಷ ಸಿಂದಗಿಯಲ್ಲಿ ಹಾಸಿಗೆ ಹಿಡಿದಾಗ, ತನ್ನ ಮಗನನ್ನೂ ನನ್ನನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದಳು: "ನನ್ನೂ ಅಲ್ಲೇ ಒಯ್ಯಿರಿ. ಗಾಡಿ ಇಳಿದ ಕೂಡಲೇ ಗಡಿಗಿ ನೆಲಕ್ಕಿಡ್ರಿ. ಮದಲ ಹುಡುಗನ ಕೈ ಹಿಡೀರಿ." ಅವಳ ಮಗ, ಜ್ವರಕ್ಕೆ ಬಡಬಡಿಸುತ್ತಿದ್ದಾಳೆ ಅಂದುಕೊಂಡ.

ಅವಳ ಬೂದಿ ತೆಗೆದುಕೊಂಡು ನಾವು ಹೋದಾಗ ಆ ರಸ್ತೆ ಹಾಗೆಯೇ ನೀರಿಗೆ ಇಳಿದಿತ್ತು. ಅವಳ ಮಗ ಗಡಿಗೆ ಹಿಡಿದು, ನೆಲಕ್ಕಿಡಲು ಧೈರ್ಯ ಸಾಲದೆ ನನ್ನ ಮುಖ ನೋಡಿದ. ನಾನೇ ಇಸಿದುಕೊಂಡು ಡಾಂಬರಿನ ಮೇಲೆ ಇಟ್ಟೆ. ಆಮೇಲೆ ನನ್ನ ಮಗನ ಕೈ ಹಿಡಿದೆ. ಅವನಿಗೀಗ ಐದು ವರ್ಷ.